ಮನೆನಾಯಿಯ ಮೇಲಣ ಮಮತೆಯೂ ಹುಚ್ಚುರೋಗದ ತಡೆಯೂ

ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸೇರಿದವರ ಮಾತು ಮಳೆ ಬೆಳೆಗಳಿಂದ ಹೊರಟು, ಎತ್ತು ಹಸುಗಳನ್ನು ಹಾದು, ಕಡೆಗೆ ನಾಯಿಗಳ ಬಳಿಗೆ ಬಂದು ನಿಲ್ಲುವುದುಂಟು. ಎತ್ತಿನ ಮಾತು ಬಂದರೆ ಬೆಲೆ, ಹಲ್ಲು, ಸುಳಿ ಇವುಗಳ ಲೆಕ್ಕ ಬಾರದೆ ಇರದು. ನಾಯಿಯ ವಿಷಯದಲ್ಲಾದರೋ ಅಂಥ ಲೆಕ್ಕವೇ ಇಲ್ಲ. ಹಣ ಕೊಟ್ಟು ತಂದುದಲ್ಲ, ಮಾರುವುದಕ್ಕೆ ಸಾಕಿದುದೂ ಅಲ್ಲ. ಎಲ್ಲಿಂದಲೋ ಬಂದು ಬಾಗಿಲಲ್ಲಿ ಮಲಗಿತು, ಒಂದು ತುತ್ತು ಹಾಕಿದರು, ಅಂದಿನಿಂದ ಅದು ಮನೆಯದಾಯಿತು. ಆದರೂ ಅದರ ಕಥೆಯನ್ನು ಹೇಳುವಾಗ ಮಿತಭಾಷಿಗಳಾದ ಯಜಮಾನರ ಬಾಯಿಯೂ ತೆರೆಯುವುದು.

ಕುರಿ ಕಾಯುವವನೊಬ್ಬನು ಹೇಳುವ ಸಂಗತಿ ಇದು. ಮಳೆಗಾಲದ ಒಂದು ಸಂಜೆ ಮಂದೆಯನ್ನು ರೊಪ್ಪಕ್ಕೆ ಹೊಡೆದು ಎಣಿಸಿದಾಗ ಒಂದು ಕುರಿ ಕಡಿಮೆಯಾಗಿತ್ತು. ನಾಯಿ ಕೆಂಚನೂ ಇರಲಿಲ್ಲ. ತೋಳನು ಎರಡನ್ನೂ ಮುಗಿಸಿತೆಂದೇ ತಿಳಿದು ಅವನು ಇರುಳೆಲ್ಲ ನಿದ್ರೆಯಿಲ್ಲದೆ ಕಳೆದನು. ಬೆಳಗಾಗುತ್ತಲೆ ಕಾವಲಿಗೆ ಹೋಗಿ ನೋಡಲಾಗಿ, ಕುರಿ ಒಂದು ಬೇಲಿಯ ಮರೆಯಲ್ಲಿ ಮರಿ ಹಾಕಿ ಮಲಗಿತ್ತು. ಕೆಂಚನು ನಾಲ್ಕು ಮಾರು ದೂರದಲ್ಲಿ ನೆನೆದು ನಡುಗುತ್ತ ನಿಂತಿದ್ದನು. ಯಜಮಾನನನ್ನು ಕಂಡ ಮೇಲೆಯೇ ಕುಳಿತನಂತೆ. “ಹೊಟ್ಟೆಗೆ ಹಿಟ್ಟು ಹಾಕಿದ್ದು ನಾನು, ಬುದ್ಧಿ ಹಾಕಿದ್ದು ಯಾರೋ ಕಾಣೆ” ಎಂದು ಅವನು ಕಥೆಯನ್ನು ಮುಗಿಸುತ್ತಾನೆ.

ಮತ್ತೊಂದು ಮನೆಯ ವೃದ್ಧೆಯ ನಾಯಿ ದಿನವೂ ಮಧ್ಯಾಹ್ನ ಬುತ್ತಿಯ ಹಿಂದೆಯೇ ಹೊಲಕ್ಕೆ ಹೋಗುತ್ತಿತ್ತು. ಆಕೆಯ ಯಜಮಾನರು ತೀರಿಹೋದ ತರುವಾಯ ಬುತ್ತಿಯ ಕೆಲಸವೇ ನಿಂತಿತು. ನಾಯಿ ಮಾತ್ರ ಹೊತ್ತು ನೆತ್ತಿಗೆ ಬಂದೊಡನೆ ತಾನೊಂದೇ ಹೋಗಿ ಬದುವಿನ ಮೇಲೆ ಕುಳಿತು ಬರುತ್ತಿತ್ತು. ಇದನ್ನು ಹೇಳುವಾಗ ಆಕೆ ಅಳುವುದಿಲ್ಲ, ನಾಯಿಯನ್ನು ಬೈಯುತ್ತಾಳೆ. ಬೈಗುಳದಲ್ಲಿ ಎಷ್ಟು ಪ್ರೀತಿಯಿರಬಹುದೆಂಬುದನ್ನು ತಿಳಿಯಬೇಕಾದರೆ ಹಳ್ಳಿಯ ಹೆಂಗಸರು ನಾಯಿಯೊಡನೆ ಆಡುವ ಮಾತನ್ನು ಕೇಳಬೇಕು.

ಇನ್ನೊಬ್ಬ ಜಮೀನುದಾರರ ಹೆಣ್ಣುನಾಯಿ ಹುಲ್ಲಿನ ಮೆದೆಯ ಬುಡದಲ್ಲಿ ಆರು ಮರಿಗಳನ್ನು ಹಾಕಿತು. ಅವರು ಒಂದು ತಿಂಗಳ ಕಾಲ ಮೆದೆಯ ಆ ಕಡೆಯನ್ನು ಮುಟ್ಟಗೊಡದೆ, ಎದುರು ಬದಿಯಿಂದಲೇ ದನಗಳಿಗೆ ಹುಲ್ಲು ಹಿರಿಸಿದರು. ಮೆದೆ ಒಂದೇ ಮಗ್ಗುಲಿಗೆ ಸವೆದು ಕಡೆಗೊಂದು ದಿನ ವಾಲಿ ಬಿದ್ದಿತು. ಊರವರು ನಕ್ಕರು, ಅವರೂ ನಕ್ಕರು.

ನಾಯಿಯ ಮೇಲಣ ಈ ಅಕ್ಕರೆ ಕನ್ನಡನಾಡಿಗೆ ಹೊಸದಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲ್ಪಟ್ಟಿರುವ ಶಿಲಾಶಾಸನವು ಇದಕ್ಕೆ ಸಾಕ್ಷಿಯಾಗಿದೆ. ಕ್ರಿ. ಶ. 949ರ ಸುಮಾರಿನಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಕಾದಿದನು. ಆ ಬೂತುಗನ ಭಟನಾದ ಮಣಲೆರನು ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಜೊತೆಯಲ್ಲಿಯೇ ಮಡಿಯಲು, ಅದರ ನೆನಪಿಗಾಗಿ ಆತಕೂರಿನ ದೇವಾಲಯದ ಎದುರಿಗೆ ಕಲ್ಲನ್ನು ನೆಡಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಆ ಕಲ್ಲಿನಲ್ಲಿ ಇಂದಿಗೂ ಕಾಣಬಹುದು. ವೀರನಿಗೆ ಸಲ್ಲತಕ್ಕ ಕಲ್ಲು ನಾಯಿಗೂ ಸಂದಿತು. ಬಾಗಲಕೋಟೆಯ ಕಡೆಯ ಮುಧೋಳದ ಬೇಟೆನಾಯಿಗಳ ಖ್ಯಾತಿಯೂ ಎಲ್ಲರಿಗೆ ತಿಳಿದಿರುವುದೇ. 2005ರಲ್ಲಿ ಭಾರತದ ಅಂಚೆ ಇಲಾಖೆಯವರು ಆ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಆದರೆ ಹಳ್ಳಿಯ ಬಾಗಿಲಲ್ಲಿ ಮಲಗುವ ನಾಯಿಗೆ ತಳಿಯ ಹೆಸರಿಲ್ಲ. ಅದು ಕರಿಯ, ಕೆಂಚ, ರಾಜ ಅಥವಾ ಈಗಿನ ಮಕ್ಕಳ ಬಾಯಲ್ಲಿ ಟೈಗರ್. ಈ ಲೇಖನದ ವಿಷಯ ಆ ನಾಯಿಗೆ ಸಂಬಂಧಪಟ್ಟುದು.

ಮಮತೆಯು ಹಲವು ವೇಳೆ ಕಣ್ಣನ್ನು ಚುರುಕು ಮಾಡುವುದು. ಕೆಲವು ವೇಳೆ ಅದೇ ಕಣ್ಣನ್ನು ಮುಚ್ಚಲೂಬಹುದು. ಬೀದಿಯ ನಾಯಿ ಕಚ್ಚಿದರೆ ಜನರು ಗಾಬರಿಪಟ್ಟು ಆಸ್ಪತ್ರೆಗೆ ಓಡುತ್ತಾರೆ. ಮನೆಯ ನಾಯಿ ಕಚ್ಚಿದರೆ, ಅದರಲ್ಲಿಯೂ ಮರಿನಾಯಿ ಆಟದಲ್ಲಿ ಹಲ್ಲು ತಾಗಿಸಿದರೆ, “ನಮ್ಮದೇ ನಾಯಿ, ಏನಾದೀತು?” ಎಂದು ಸುಮ್ಮನಾಗುತ್ತಾರೆ. ಹುಚ್ಚುನಾಯಿ ರೋಗವು, ಎಂದರೆ ರೇಬೀಸ್, ನಮ್ಮದು ಪರರದು ಎಂಬ ಭೇದವನ್ನು ಅರಿಯದು. ಮನುಷ್ಯರಿಗೆ ತಗಲುವ ಈ ರೋಗವು ನೂರಕ್ಕೆ 99 ಸಲ ನಾಯಿಯಿಂದಲೇ ಬರತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿರುತ್ತಾರೆ. ರೋಗದ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಬದುಕಿದವರು ಅತಿ ವಿರಳ. ಅದಕ್ಕೆ ಮುಂಚೆ ಲಸಿಕೆಯನ್ನು ಸರಿಯಾಗಿ ಹಾಕಿಸಿದರೆ ತಪ್ಪಿಸಿಕೊಳ್ಳದವರೂ ವಿರಳವೇ. ಈ ಎರಡರ ನಡುವಣ ಅಂತರವು ಕೆಲವು ವಾರ ಅಥವಾ ಕೆಲವು ತಿಂಗಳು ಮಾತ್ರ; ಸಾಧಾರಣವಾಗಿ ಒಂದರಿಂದ ಮೂರು ತಿಂಗಳು.

ಒಂದು ಒಕ್ಕಲಿನ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನು ರಸ್ತೆಯ ಬದಿಯಲ್ಲಿ ಸಿಕ್ಕಿದ ಎರಡು ತಿಂಗಳ ಮರಿಯನ್ನು ತಂದು ಹಿತ್ತಲಲ್ಲಿ ಸಾಕಿದನು. ತನ್ನ ಪಾಲಿನ ಹಾಲನ್ನು ಅದಕ್ಕೆ ಹಾಕುವನು. ಶಾಲೆಯಿಂದ ಬಂದೊಡನೆ ಚೀಲವನ್ನು ಎಸೆದು ಅದರ ಬಳಿಗೆ ಓಡುವನು. ಒಂದು ದಿನ ಅದು ಅವನ ಬಲಗೈಯ ಬೆರಳನ್ನು ಕಚ್ಚಿತು. ಹುಡುಗನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಮರಿಯನ್ನು ಹೊರಗೆ ಹಾಕುವನೆಂಬ ಭಯ. ಎರಡನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ಅವನ ಅಕ್ಕ ನೋಡಿದಳು.

“ಯಾಕೋ, ಎಡಗೈಯಲ್ಲಿ ಮುದ್ದೆ ಮುರೀತೀಯಾ?”

“ಏನಿಲ್ಲಕ್ಕ.”

“ತೋರಿಸು ಕೈ.”

ಸಾರಿನ ಖಾರ ಗಾಯಕ್ಕೆ ತಗಲಿ ಉರಿಯುವುದೆಂದು ಅವನು ಬಲಗೈಯನ್ನು ಮುಚ್ಚಿಕೊಂಡಿದ್ದನು. ತಾಯಿ ಕೂಡಲೆ ಅವನನ್ನು ನಲ್ಲಿಯ ಬಳಿಗೆ ಕರೆದೊಯ್ದು, ಸೋಪು ಹಾಕಿ ಗಾಯವನ್ನು ತೊಳೆದಳು. ಅಜ್ಜಿ ಸುಣ್ಣ ಅರಿಸಿನ ತಂದರೆ ಅದನ್ನು ಹಚ್ಚಗೊಡಲಿಲ್ಲ. ಆಗಲೇ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ಗಾಯದ ಸುತ್ತ ಪ್ರತಿವಿಷದ ಮದ್ದನ್ನು ಚುಚ್ಚಿ, ಲಸಿಕೆಯ ಮೊದಲ ಸರದಿಯನ್ನು ಹಾಕಿದರು. ಮರಿಯನ್ನು ಕಟ್ಟಿಹಾಕಿ ದೂರದಿಂದಲೇ ನೋಡಿಕೊಂಡರು. ಮೂರನೆಯ ದಿನ ಅದರ ಕೆಳದವಡೆ ಜೋತುಬಿದ್ದಿತು, ಜೊಲ್ಲು ಸುರಿಯಿತು, ಕೂಗು ಒಡೆದುಹೋಯಿತು. ಐದನೆಯ ದಿನ ಅದು ಸತ್ತಿತು. ಹುಡುಗನು ಎರಡು ದಿನ ಊಟ ಬಿಟ್ಟನು. ಆದರೆ ಉಳಿದ ಸರದಿಗಳನ್ನು ತಪ್ಪಿಸಲಿಲ್ಲ, ಉಳಿದುಕೊಂಡನು. ಅಕ್ಕನು ಅಂದು ಅವನ ಎಲೆಯ ಕಡೆಗೆ ನೋಡದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಆ ಮನೆಯವರು ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ.

ಆದುದರಿಂದ ಮನೆಯಲ್ಲಿ ನಾಯಿಯಿದ್ದವರು ಮಕ್ಕಳಿಗೆ ಮೊದಲು ಹೇಳತಕ್ಕ ಮಾತು, ಕಚ್ಚಿದರೆ ಹೇಳಬೇಕು, ಹೇಳಿದರೆ ಯಾರೂ ನಾಯಿಯನ್ನು ಹೊಡೆಯುವುದಿಲ್ಲ ಎಂಬುದು. ಬೆದರಿಕೆಯಿದ್ದ ಮನೆಯಲ್ಲಿ ಮಗು ಗಾಯವನ್ನು ಬಚ್ಚಿಡುವುದು ಸಹಜ.

ಹಿರಿಯರೂ ಮಮತೆಯಿಂದಲೇ ಮೋಸಹೋಗುವ ಸಂದರ್ಭವೊಂದುಂಟು. ಹುಚ್ಚುರೋಗವೆಂದರೆ ನಾಯಿ ಕಂಡಕಂಡವರನ್ನು ಅಟ್ಟಿಸಿಕೊಂಡು ಹೋಗುವುದೆಂದೇ ಹಲವರ ತಿಳಿವಳಿಕೆ. ಇನ್ನೊಂದು ಬಗೆಯಲ್ಲಿ ನಾಯಿ ಮಂಕಾಗಿ ಕತ್ತಲೆಯ ಮೂಲೆಯಲ್ಲಿ ಮಲಗುವುದು. ಗಂಟಲಿನ ನರಗಳು ಸೋತು ನುಂಗಲಾರದು. ಬಾಯಿ ತೆರೆದಂತೆಯೇ ಇರುವುದು. ಯಜಮಾನನು ಇದನ್ನು ಕಂಡು, ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕುವನು. ರೋಗದ ಬೀಜವು ಆ ಜೊಲ್ಲಿನಲ್ಲಿಯೇ ಇರುವುದರಿಂದ, ಕೈಯಲ್ಲಿ ಒಂದು ತರಚುಗಾಯವಿದ್ದರೂ ಸಾಕು. ಹುಚ್ಚುನಾಯಿ ಕಚ್ಚಿದ ಹಸು ಎಮ್ಮೆಗಳಲ್ಲಿಯೂ ಹೀಗೆಯೇ ಆಗುವುದುಂಟು. ಜೊಲ್ಲು ಸುರಿಸುತ್ತ, ವಿಕಾರವಾಗಿ ಕೂಗುತ್ತ, ಮೇವು ನುಂಗಲಾರದೆ ನಿಂತ ಹಸುವಿನ ಬಾಯಿಗೆ ಕೈ ಹಾಕಿ ಮದ್ದು ಕುಡಿಸತಕ್ಕದ್ದಲ್ಲ. ಪಶುವೈದ್ಯರಿಗೆ ಹೇಳಿಕಳುಹಿಸುವುದೇ ಸರಿ. ಸತ್ತ ಪ್ರಾಣಿಯ ರೋಗವನ್ನು ನಿಶ್ಚಯಿಸಬೇಕಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪರೀಕ್ಷೆಯ ಪ್ರಯೋಗಾಲಯವಿದೆ.

ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಇದು ಅಲ್ಪವೆಂದು ತೋರಿದರೂ ಇದರಿಂದಾಗುವ ಉಪಕಾರ ಬಹಳ. ಮೆಣಸಿನಪುಡಿ, ಸುಣ್ಣ, ಕಾಫಿಪುಡಿ, ಎಲೆಯ ರಸ ಮುಂತಾದುವನ್ನು ಹಚ್ಚುವುದರಿಂದ ಗಾಯ ಕೆರಳುವುದೇ ಹೊರತು ಬೇರೆ ಫಲವಿಲ್ಲ. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದಿನ ಕಳೆದಿದ್ದರೂ ಹೋಗಬೇಕು. ತಡವಾಯಿತೆಂದು ಮನೆಯಲ್ಲಿ ಕೂರತಕ್ಕದ್ದಲ್ಲ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿ ನೋಡುವ ಪದ್ಧತಿ ಒಳ್ಳೆಯದೇ, ಆದರೆ ಆ 10 ದಿನ ಕಾದು ಆಮೇಲೆ ಲಸಿಕೆ ಹಾಕಿಸೋಣವೆಂಬುದು ತಪ್ಪು. ನೋಡುವುದೂ ನಡೆಯಲಿ, ಚುಚ್ಚುಮದ್ದೂ ನಡೆಯಲಿ.

ಹಿರಿಯರಲ್ಲಿ ಹಲವರು ಚುಚ್ಚುಮದ್ದೆಂದೊಡನೆ ಹಿಂಜರಿಯುವುದಕ್ಕೆ ಕಾರಣವಿಲ್ಲದೆ ಇಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯರು 1885ರ ಜುಲೈ 6ರಂದು ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಈ ರೋಗದ ಲಸಿಕೆಯನ್ನು ಹಾಕಿಸಿ ಉಳಿಸಿದರು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಅವರ ಹೆಸರಿನ ಸಂಸ್ಥೆಗಳು ಸ್ಥಾಪಿತವಾದುವು. ಕಸೌಲಿಯಲ್ಲಿ ಸೆಂಪಲ್ ಎಂಬವರು ಸಿದ್ಧಪಡಿಸಿದ ಲಸಿಕೆಯನ್ನು ಹೊಟ್ಟೆಯ ಮೇಲೆ ದಿನಕ್ಕೊಂದರಂತೆ 14 ಸಲ ಚುಚ್ಚುತ್ತಿದ್ದರು. ಆ ನೋವನ್ನು ಉಂಡವರು ಅದನ್ನು ಮರೆಯುವುದು ಹೇಗೆ? ಆದರೆ ಆ ಲಸಿಕೆಯ ಬಳಕೆ ಭಾರತದಲ್ಲಿ 2004ರ ಅಂತ್ಯಕ್ಕೆ ನಿಂತುಹೋಯಿತು. ಈಗಿನದನ್ನು ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನದ ತರುವಾಯ 3, 7 ಮತ್ತು 28ನೆಯ ದಿನಗಳಲ್ಲಿಯೂ, ಮಾಂಸಖಂಡಕ್ಕೆ ಹಾಕುವುದಾದರೆ ಇವುಗಳೊಂದಿಗೆ 14ನೆಯ ದಿನದಲ್ಲಿಯೂ ಹಾಕಿಸಬೇಕು. ನೋವು ಕಡಿಮೆಯೆಂದು ನಡುವೆ ಬಿಟ್ಟುಬಿಡುವವರೂ ಉಂಟು. ಇದು ಬಿತ್ತಿ ಕಳೆ ಕೀಳದೆ ಬಿಟ್ಟಂತೆ.

ಆದರೂ ಬೇರಿಗೆ ಮದ್ದೆಂದರೆ ನಾಯಿಗೆ ಹಾಕಿಸುವ ಲಸಿಕೆಯೇ. ಮೂರು ತಿಂಗಳು ತುಂಬಿದ ಮರಿಗೆ ಒಮ್ಮೆ, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಲಸಿಕೆ ಬಿದ್ದರೆ ರೋಗವು ನಾಯಿಯಿಂದ ನಾಯಿಗೆ ಹರಡುವುದು ನಿಂತುಹೋಗುವುದೆಂದು ಬಲ್ಲವರು ಕಂಡುಕೊಂಡಿದ್ದಾರೆ. ಊರಿನ ನಾಯಿಗಳನ್ನೆಲ್ಲ ಕೊಲ್ಲಿಸಿಬಿಟ್ಟರೆ ಆಯಿತೆಂದು ಕೆಲವು ಮುಖಂಡರು ಹೇಳುವುದುಂಟು. ಅದು ಕಾನೂನಿಗೆ ವಿರುದ್ಧವಾದುದು, ಕೆಲಸಕ್ಕೂ ಬಾರದು. ಲಸಿಕೆ ಬಿದ್ದ ನಾಯಿ ಹೋದ ಜಾಗಕ್ಕೆ ಪಕ್ಕದ ಊರಿನಿಂದ ಲಸಿಕೆಯಿಲ್ಲದ ನಾಯಿ ಬಂದು ಸೇರುವುದು.

ಇಲ್ಲಿಯೇ ಜಗಲಿಯ ಕಥೆಗಳು ಉಪಯೋಗಕ್ಕೆ ಬರುತ್ತವೆ. ಲಸಿಕೆಯ ದಿನ ಸಿಬ್ಬಂದಿಯವರು ಬಲೆ ಹಿಡಿದು ಬಂದರೆ ಊರನಾಯಿಗಳು ಕ್ಷಣಾರ್ಧದಲ್ಲಿ ಮಾಯವಾಗುವುವು. ಆದರೆ ಯಾರದೂ ಅಲ್ಲವೆಂಬ ನಾಯಿಗೂ ತುತ್ತು ಹಾಕುವ ಒಂದು ಕೈ ಊರಿನಲ್ಲಿ ಇದ್ದೇ ಇರುವುದು: ಹೋಟೆಲಿನವನು, ಗುಡಿಯ ಪೂಜಾರಿ, ಡೈರಿಗೆ ಹಾಲು ತರುವ ಹೆಂಗಸು, ಶಾಲೆಯ ಮಕ್ಕಳು. ಆ ಕೈಗೆ ನಾಯಿ ತಲೆಯೊಡ್ಡುವುದು. ಗ್ರಾಮದ ಯಜಮಾನರು ಪಂಚಾಯಿತಿಯವರೊಡನೆ ಕಲೆತು, ಪಶುವೈದ್ಯರಿಂದ ದಿನವನ್ನು ಗೊತ್ತುಮಾಡಿಸಿಕೊಂಡು, ಯಾವ ನಾಯಿ ಯಾರ ಮಾತು ಕೇಳುವುದೆಂಬ ಪಟ್ಟಿಯನ್ನು ಮೊದಲೇ ಬರೆಸಿದರೆ ಅರ್ಧ ಕೆಲಸ ಮುಗಿದಂತೆ. ಹೊತ್ತು ಏರುವ ಮುನ್ನ, ಜನರು ಹೊಲಕ್ಕೆ ಹೊರಡುವುದಕ್ಕೆ ಮುಂಚೆಯೇ ಇದನ್ನು ನಡೆಸಬೇಕು. ಬಿಸಿಲೇರಿದ ಮೇಲೆ ನಾಯಿಯೂ ಸಿಕ್ಕದು, ಮನುಷ್ಯರೂ ಸಿಕ್ಕರು. ಯಜಮಾನರು ತಮ್ಮ ಮನೆಯ ನಾಯಿಯನ್ನೇ ಮೊದಲು ತಂದು ನಿಲ್ಲಿಸಿದರೆ ಉಳಿದವರೂ ತರುತ್ತಾರೆ. ಲಸಿಕೆ ಹಾಕಿದ ತಾರೀಖನ್ನು ನಾಯಿಯ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಬರುವ ವರ್ಷ ನೆನಪಿನ ಮೇಲೆ ವಾದ ನಡೆಯುವುದು ತಪ್ಪುವುದು.

ಇಂಥ ಒಂದು ಬೆಳಗ್ಗೆ, ಬದುವಿನ ಮೇಲೆ ಹೋಗಿ ಕೂರುತ್ತಿದ್ದ ನಾಯಿಯ ಒಡತಿಯಾದ ಆ ವೃದ್ಧೆ, ಅದರ ಕಿವಿಯನ್ನು ಹಿಡಿದುಕೊಂಡು ಬೈಯುತ್ತಲೇ ಸಾಲಿನಲ್ಲಿ ನಿಂತಿದ್ದಳು. ಸೂಜಿ ತಗಲಿದಾಗ ನಾಯಿ ಕುಂಯ್ ಎನ್ನಲು, ಆಕೆ ವೈದ್ಯರನ್ನೂ ಎರಡು ಮಾತು ಬೈದಳು. ಅತ್ತ ಬೆರಳಿಗೆ ಕಚ್ಚಿಸಿಕೊಂಡಿದ್ದ ಹುಡುಗನ ಮನೆಯಲ್ಲಿ ಈಗ ಬೇರೊಂದು ಮರಿಯಿದೆ. ಅದಕ್ಕೆ ಮೂರು ತಿಂಗಳು ತುಂಬುವ ದಿನವನ್ನು ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಸೀಸದಕಡ್ಡಿಯಿಂದ ಸುತ್ತು ಹಾಕಿ ಗುರುತುಮಾಡಿದ್ದಾನೆ.