ಸಕ್ಕರೆ ತಿಂದು ಡೀಸೆಲ್ ಕೊಡುವ ಯೀಸ್ಟ್

ಸೂಕ್ಷ್ಮಜೀವಿಗಳಿಂದ ಡೀಸೆಲ್ ತೆಗೆಯುತ್ತಾರಂತೆ ಎಂದರೆ ಸ್ವಲ್ಪ ವಯಸ್ಸಾದವರಿಗೆ 1996ರ ಗಿಡಮೂಲಿಕೆ ಪೆಟ್ರೋಲ್ ನೆನಪಾಗುತ್ತದೆ. ತಮಿಳುನಾಡಿನಲ್ಲಿ ನೀರಿಗೆ ಸೊಪ್ಪು ಹಾಕಿ ಕುದಿಸಿ ಪೆಟ್ರೋಲ್ ಮಾಡಿ ತೋರಿಸಿದ್ದರು. ದೇಶವೆಲ್ಲ ಬೆರಗಾಗಿ, ಆಮೇಲೆ ಪೆಚ್ಚಾಯಿತು. ಇದೂ ಅಂಥ ಕೈಚಳಕವೇ ಇರಬೇಕು ಎಂಬ ಗುಮಾನಿ ಸಹಜ.

ಆದರೆ ಡೀಸೆಲಿನಲ್ಲಿರುವ ಹೈಡ್ರೋಕಾರ್ಬನ್ (ಕಾರ್ಬನ್, ಹೈಡ್ರೋಜನ್ ಮಾತ್ರ ಇರುವ ಅಣು) ಜೀವಕೋಶಕ್ಕೆ ಹೊಸದೇನಲ್ಲ. ಎಲೆಕೋಸಿನ ಹೊರ ಎಲೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಬೂದಿ ಸವರಿದಂತಿರುವ ಆ ಮೇಣದಲ್ಲಿ 29 ಕಾರ್ಬನ್‌ಗಳ ಸರಪಳಿಯಿದೆ. ಡೀಸೆಲಿನ ಕುಲದ್ದೇ, ಇನ್ನೂ ಉದ್ದ, ಅಷ್ಟೆ. ನೀಲಿಹಸಿರು ಪಾಚಿಯಲ್ಲಿ ಇಂಥ ಸರಪಳಿ ಕಟ್ಟುವ ಎರಡು ಜೀನ್‌ಗಳನ್ನು ಅಮೆರಿಕದ ಎಲ್‌ಎಸ್9 ಕಂಪನಿಯವರು ಗುರುತಿಸಿ, ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಅದು 13ರಿಂದ 17 ಕಾರ್ಬನ್‌ಗಳ ಹೈಡ್ರೋಕಾರ್ಬನ್ ಮಾಡಿತು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾದಾಗ ಸಿಕ್ಕ ಇಳುವರಿ ಲೀಟರಿಗೆ ಗ್ರಾಮಿನ ಮೂರನೇ ಒಂದು ಭಾಗದಷ್ಟು.

‘ಕೊನೆಗೆ ಇದೂ ಎಥನಾಲ್ ತಾನೆ?’ ಅಲ್ಲ. ಎಥನಾಲ್ ಅಣುವಿನಲ್ಲಿ ಆಕ್ಸಿಜನ್ ಇದೆ. ಅದಕ್ಕೇ ಅದು ನೀರಿನೊಂದಿಗೆ ಬೆರೆಯುತ್ತದೆ, ಒಂದು ಲೀಟರು ಉರಿದರೆ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗದಷ್ಟೇ ಶಕ್ತಿ ಕೊಡುತ್ತದೆ. ಹೈಡ್ರೋಕಾರ್ಬನ್ ಹಾಗಲ್ಲ. ಕಬ್ಬಿನ ಹಾಲಿನ ಸಕ್ಕರೆಯಿಂದ ಆಮಿರಿಸ್ ಕಂಪನಿಯ ಯೀಸ್ಟ್ ತಯಾರಿಸಿದ ಹೈಡ್ರೋಕಾರ್ಬನ್ ಆದ ಫಾರ್ನೆಸೀನ್‌ಗೆ ಹೈಡ್ರೋಜನ್ ಸೇರಿಸಿದಾಗ ಸಿಕ್ಕ ಫಾರ್ನೆಸೇನ್ ಅನ್ನು ವಿಮಾನದ ಇಂಧನಕ್ಕೆ ಶೇ. 10ರವರೆಗೆ ಬೆರೆಸಲು 2014ರಲ್ಲಿ ಒಪ್ಪಿಗೆ ಸಿಕ್ಕಿತು. ಇಂಜಿನ್ ಬದಲಿಸಬೇಕಾಗಲಿಲ್ಲ.

ಇನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ: ಸೂಕ್ಷ್ಮಜೀವಿ ಎಂದಮೇಲೆ ಖರ್ಚೇ ಇಲ್ಲ, ತಾನಾಗಿ ಬೆಳೆಯುತ್ತದೆ, ತಾನಾಗಿ ಕೊಡುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗ್ಲೂಕೋಸಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಕ್ಸಿಜನ್. ಅದೆಲ್ಲವನ್ನೂ ಕಳಚಿ ಹಾಕಬೇಕು. ಕಳಚುವಾಗ ಒಂದಿಷ್ಟು ಕಾರ್ಬನ್ನೂ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಯೀಸ್ಟಿನ ಹುಟ್ಟುದಾರಿಯಲ್ಲೇ ಹೋದರೆ ಒಂದು ಕಿಲೋ ಸಕ್ಕರೆಗೆ ಹೆಚ್ಚೆಂದರೆ ಕಾಲು ಕಿಲೋ ಫಾರ್ನೆಸೀನ್. ಅಂದರೆ, ಇಂಧನ ನೀರಿಗಿಂತ ಹಗುರವಾದ್ದರಿಂದ, ಒಂದು ಲೀಟರಿಗೆ ಸುಮಾರು ಮೂರು ಕಿಲೋ ಸಕ್ಕರೆ, ಅದೂ ಯೀಸ್ಟ್ ತನ್ನ ಹೊಟ್ಟೆಗೆಂದು ಒಂದು ಚಿಟಿಕೆಯನ್ನೂ ಇಟ್ಟುಕೊಳ್ಳದಿದ್ದರೆ! ಅಂಗಡಿ ಬೆಲೆಯಲ್ಲಿ ಮೂರು ಕಿಲೋಗೆ ಎಷ್ಟಾಗುತ್ತದೆಂದು ನೀವೇ ಗುಣಿಸಿಕೊಳ್ಳಿ. ಕಾರ್ಖಾನೆಗೆ ಕಬ್ಬಿನ ಪಾಕ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೂ ಈ ಇಂಧನ ಪೈಪೋಟಿಗೆ ಇಳಿದಿರುವುದು ನೆಲದಡಿ ಪುಕ್ಕಟೆಯಾಗಿ ತಯಾರಾಗಿ ಬಿದ್ದಿರುವ ಎಣ್ಣೆಯ ಜೊತೆ.

ಎಣ್ಣೆ ತಾನೇ, ಮೇಲೆ ತೇಲುತ್ತದೆ, ಬಗ್ಗಿಸಿಕೊಂಡರಾಯಿತು ಎನ್ನುವವರು ಒಮ್ಮೆ ಮಜ್ಜಿಗೆ ಕಡೆದು ನೋಡಲಿ. ಬೆಣ್ಣೆ ಮೊಸರಿನಲ್ಲೇ ಇರುತ್ತದೆ, ಆದರೆ ಕಡೆಯದೆ ಕೈಗೆ ಬಾರದು. ಹಾಗೆಯೇ ಫಾರ್ನೆಸೀನ್ ಸಣ್ಣ ಸಣ್ಣ ಹನಿಗಳಾಗಿ, ಯೀಸ್ಟ್ ಕೋಶಗಳನ್ನು ಮೈಗಂಟಿಸಿಕೊಂಡು ಬಿಳಿ ಗಂಜಿಯ ಹಾಗೆ ನಿಂತುಬಿಡುತ್ತದೆ. ಡೇರಿಯಲ್ಲಿ ಕೆನೆ ತೆಗೆಯುವಂಥ ಯಂತ್ರದಲ್ಲಿ ಗಿರಗಿರನೆ ತಿರುಗಿಸಿಯೇ ಬೇರ್ಪಡಿಸಬೇಕು.

‘ಹೊಗೆಯೇ ಇಲ್ಲದ ಹಸಿರು ಇಂಧನ’ ಎಂಬ ಮಾತೂ ಕೇಳುತ್ತದೆ. ಉರಿಸಿದರೆ ಇದರಿಂದಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆ ಕಾರ್ಬನ್ ಮೊನ್ನೆಮೊನ್ನೆ ಕಬ್ಬು ಗಾಳಿಯಿಂದ ಹೀರಿದ್ದು ಎಂಬುದಷ್ಟೇ ವ್ಯತ್ಯಾಸ. ಗದ್ದೆಗೆ ಸುರಿದ ಯೂರಿಯಾ, ಹರಿಸಿದ ನೀರು ಇವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಂಧನ ಕೊಡುವ ಈ ಸೂಕ್ಷ್ಮಜೀವಿಯೇ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದುಕೊಂಡವರೂ ಉಂಟು. ಅದು ಆನಂದ ಮೋಹನ ಚಕ್ರವರ್ತಿ ರೂಪಿಸಿದ್ದು, 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದರ ಪೇಟೆಂಟ್ ಎತ್ತಿಹಿಡಿಯಿತು. ಅದರ ಕೆಲಸ ಎಣ್ಣೆ ಕರಗಿಸುವುದು, ಇದರದ್ದು ಕಟ್ಟುವುದು.

ಈ ಇಂಧನ ಬಂಕಿಗೆ ಬಾರದಂತೆ ಎಣ್ಣೆ ಕಂಪನಿಗಳೇ ಸೇರಿ ಹೊಸಕಿಹಾಕಿದವು ಎಂಬ ಕತೆ ನನಗೆ ಒಪ್ಪಿಗೆಯಿಲ್ಲ. ಆಮಿರಿಸ್‌ಗೆ ಹಣ ಹೂಡಿದವರಲ್ಲಿ ಫ್ರಾನ್ಸಿನ ಎಣ್ಣೆ ಕಂಪನಿ ಟೋಟಾಲ್ ಕೂಡ ಇತ್ತು. ವಿಜ್ಞಾನವೂ ಕೈಕೊಡಲಿಲ್ಲ: 2016ರ ಹೊತ್ತಿಗೆ ಆಮಿರಿಸ್ ಯೀಸ್ಟ್ ಎರಡು ವಾರದಲ್ಲಿ ಲೀಟರಿಗೆ 130 ಗ್ರಾಮಿಗೂ ಹೆಚ್ಚು ಫಾರ್ನೆಸೀನ್ ಕೊಡುತ್ತಿತ್ತು. ಆದರೆ ಅಷ್ಟರೊಳಗೆ ಕಂಪನಿ ಬೇರೆ ದಾರಿ ಹಿಡಿದಿತ್ತು. ಅದೇ ಫಾರ್ನೆಸೀನ್‌ನಿಂದ ಸ್ಕ್ವಾಲೇನ್ ಮಾಡಿ ಮುಖಕ್ಕೆ ಹಚ್ಚುವ ಕ್ರೀಮಿನವರಿಗೆ ಮಾರುತ್ತಿತ್ತು. ಮುಂಚೆ ಅದನ್ನು ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರು. ಟ್ಯಾಂಕಿಗೆ ಲೀಟರುಗಟ್ಟಲೆ ಸುರಿಯುವಾಗ ಗಿಟ್ಟದ ಬೆಲೆ, ಕೆನ್ನೆಗೆ ಹನಿ ಲೆಕ್ಕದಲ್ಲಿ ಸವರುವಾಗ ಗಿಟ್ಟಿತು.