ಅಂಡಮಾನ್ ಪ್ರವಾಸ: ನೋಡಬೇಕಾದುದು, ನೋಡಬಾರದುದು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಹಿಂದೆ ನಮ್ಮ ಮನೆಗಳಲ್ಲಿ ದೇಶ ಸುತ್ತುವುದೆಂದರೆ ಜಾತ್ರೆ, ಕ್ಷೇತ್ರದರ್ಶನ ಹಾಗೂ ನೆಂಟರಿಷ್ಟರ ಊರುಗಳಿಗೆ ಮುಗಿಯುತ್ತಿತ್ತು. ಈಗ ರಜೆ ಬಂತೆಂದರೆ ಮಕ್ಕಳು ಕಡಲು, ದ್ವೀಪ ಎಂದು ಹಂಬಲಿಸುತ್ತಾರೆ. ಹಂಬಲಿಸುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲಿ ವಿಮಾನ ಏರಿದರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಅಂಡಮಾನ್ ದ್ವೀಪಗಳಲ್ಲಿ ಇಳಿಯಬಹುದು. ನಿಸರ್ಗ, ಸಾಹಸ, ಆದಿವಾಸಿ ಸಂಸ್ಕೃತಿ ಈ ಮೂರೂ ಒಂದೇ ಪ್ರವಾಸದಲ್ಲಿ ಲಭ್ಯವೆಂದು ಪ್ರವಾಸ ಏರ್ಪಡಿಸುವವರು ಹೇಳುವುದುಂಟು. ಮೊದಲಿನ ಎರಡರ ಮಟ್ಟಿಗೆ ಈ ಮಾತು ಸತ್ಯ. ಮೂರನೆಯದು ಹಣ ತೆತ್ತು ಪಡೆಯುವ ವಸ್ತುವಲ್ಲ. ಈ ವ್ಯತ್ಯಾಸವನ್ನು ಅರಿತು ಕುಟುಂಬ ಸಮೇತ ಹೇಗೆ ಯೋಜನೆ ಹಾಕಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಕಾಲ ಮತ್ತು ದಿನಗಳ ಲೆಕ್ಕ

ಅಂಡಮಾನ್ ಮತ್ತು ನಿಕೋಬಾರ್ ಐನೂರಕ್ಕೂ ಹೆಚ್ಚು ದ್ವೀಪಗಳ ಕೇಂದ್ರಾಡಳಿತ ಪ್ರದೇಶ. ಜನವಸತಿ ಇರುವವು ಕೆಲವೇ ಹತ್ತುಗಳಷ್ಟು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 3,80,581. ಮೇ ತಿಂಗಳ ನಂತರ ಮಳೆ ಹಿಡಿಯುವುದರಿಂದ ನವೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿ ಪ್ರವಾಸಕ್ಕೆ ಪ್ರಶಸ್ತ. ಭಾರತೀಯರು ಅಂಡಮಾನಿಗೆ ಹೋಗಲು ವಿಶೇಷ ಪರವಾನಗಿ ಬೇಕಿಲ್ಲ. ಗುರುತಿನ ಚೀಟಿಯಿದ್ದರೆ ಸಾಕು. ನಿಕೋಬಾರ್ ದ್ವೀಪಗಳಿಗೂ ಆದಿವಾಸಿ ಮೀಸಲು ಪ್ರದೇಶಗಳಿಗೂ ಹೋಗಲು ಸರ್ಕಾರದ ಅನುಮತಿ ಅತ್ಯಗತ್ಯ. ಸಾಮಾನ್ಯ ಪ್ರವಾಸಿಗೆ ಅದು ದೊರೆಯುವುದಿಲ್ಲವೆಂದೇ ತಿಳಿಯಬೇಕು.

ನಾಲ್ಕೈದು ದಿನಗಳಲ್ಲಿ ಓಡಿ ನೋಡಿ ಬರುವವರು ಹೆಚ್ಚು. ದಕ್ಷಿಣದಿಂದ ಉತ್ತರದವರೆಗೆ ಸಾವಧಾನವಾಗಿ ನೋಡಬೇಕೆಂದರೆ ಹತ್ತು ದಿನ ಬೇಕು. ಇಲ್ಲಿ ದ್ವೀಪದಿಂದ ದ್ವೀಪಕ್ಕೆ ಹಡಗೇ ಗತಿ. ಗಾಳಿ ಕೆಟ್ಟರೆ ಹಡಗು ನಿಲ್ಲುತ್ತದೆ. ಆದ್ದರಿಂದ ಊರಿಗೆ ಮರಳುವ ವಿಮಾನದ ಹಿಂದಿನ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳುವುದು ಜಾಣತನ.

ಮೊದಲ ನಿಲ್ದಾಣ: ಶ್ರೀ ವಿಜಯಪುರಂ

ಪೋರ್ಟ್ ಬ್ಲೇರ್ ಎಂದು ನಾವೆಲ್ಲ ಓದಿದ ನಗರಕ್ಕೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಇಲ್ಲಿ ಎರಡು ದಿನ ತಂಗಬೇಕು. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಸೆಲ್ಯುಲಾರ್ ಜೈಲಿನಲ್ಲಿ ಒಟ್ಟು ಏಳು ಸಾಲು ಕಟ್ಟಡಗಳಿದ್ದವು. ಇಂದು ಉಳಿದಿರುವುದು ಮೂರು. ಒಬ್ಬೊಬ್ಬ ಕೈದಿಗೆ ಒಂದೊಂದು ಕೋಣೆ; ಎದುರು ಕಾಣುವುದು ಮುಂದಿನ ಸಾಲಿನ ಬೆನ್ನುಗೋಡೆ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ ಮತ್ತು ಮೋಹಿತ ಮೊಯಿತ್ರ ಇಲ್ಲಿಯೇ ಪ್ರಾಣತೆತ್ತರು. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮವನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು.

ಸೆರೆಮನೆಗಿಂತ ಮೊದಲೇ ಈ ನೆಲದಲ್ಲಿ ಇನ್ನೊಂದು ಹೋರಾಟ ನಡೆದಿತ್ತು. 1857ರ ದಂಗೆಯ ಕೈದಿಗಳನ್ನು ಇರಿಸಲೆಂದು 1858ರಲ್ಲಿ ಬ್ರಿಟಿಷರು ಕಾಡು ಕಡಿದು ವಸಾಹತು ಕಟ್ಟಿದಾಗ, ಅಲ್ಲಿನ ಗ್ರೇಟ್ ಅಂಡಮಾನೀ ಜನರು ಬಿಲ್ಲು ಬಾಣ ಹಿಡಿದು ಎದುರಿಸಿದರು. 1859ರ ಅಬರ್ಡೀನ್ ಕದನವೆಂದು ಪ್ರಸಿದ್ಧವಾದ ಈ ಸಂಘರ್ಷದ ಸ್ಮಾರಕ ಸ್ತಂಭವು ಕಡಲ ದಂಡೆಯಲ್ಲಿದೆ. ಸೆರೆಮನೆ ನೋಡಿದವರು ಈ ಸ್ತಂಭದ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಏಕೆಂದರೆ ಗುಂಡಿಗಿಂತ ಹೆಚ್ಚಾಗಿ ಆ ಜನರನ್ನು ಕೊಂದದ್ದು ಹೊರಗಿನವರೊಡನೆ ಬಂದ ರೋಗ. 1877ರಲ್ಲಿ ಹರಡಿದ ದಡಾರಕ್ಕೆ ಅಪಾರ ಜನ ಬಲಿಯಾದರು. ಸಾವಿರಗಳ ಸಂಖ್ಯೆಯಲ್ಲಿದ್ದ ಗ್ರೇಟ್ ಅಂಡಮಾನೀಯರು ಇಂದು ಸುಮಾರು ಐವತ್ತು. ಅವರ ಬಳಗದ ಬೋ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿ, ಬೋವಾ ಸೀನಿಯರ್ ಎಂಬ ವೃದ್ಧೆ, 2010ರ ಜನವರಿಯಲ್ಲಿ ತೀರಿಕೊಂಡರು. ಅವರೊಡನೆ ಆ ಭಾಷೆಯೂ ಹೋಯಿತು. ಆ ಬಳಗದ ಭಾಷೆಗಳನ್ನು ಕುರಿತು ವರ್ಷಗಟ್ಟಲೆ ದುಡಿದ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅವರಿಗೆ 2013ರಲ್ಲಿ ಪದ್ಮಶ್ರೀ ಸಂದಿತು.

ಆದಿವಾಸಿಗಳ ಬದುಕನ್ನು ಅರಿಯಬೇಕೆಂಬ ಆಸಕ್ತಿಗೆ ತಕ್ಕ ಸ್ಥಳ ಇದೇ ನಗರದಲ್ಲಿದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯದಲ್ಲಿ ಗ್ರೇಟ್ ಅಂಡಮಾನೀ, ಓಂಗೆ, ಜಾರವಾ, ಸೆಂಟಿನೆಲಿ, ನಿಕೋಬಾರೀ, ಶೋಂಪೆನ್ ಈ ಆರು ಸಮುದಾಯಗಳ ಉಪಕರಣಗಳು, ಮನೆಗಳ ಮಾದರಿಗಳು ಹಾಗೂ ಚಿತ್ರಗಳಿವೆ. ಅರ್ಧ ದಿನವನ್ನು ಇಲ್ಲಿ ಕಳೆದರೆ ರಸ್ತೆಬದಿಯಲ್ಲಿ ಇಣುಕಿ ನೋಡಿದವನಿಗೆ ತಿಳಿಯದಷ್ಟು ವಿಷಯ ತಿಳಿಯುತ್ತದೆ.

ನಡುವಣ ದ್ವೀಪಗಳು: ಕಡಲು ಮತ್ತು ಸಾಹಸ

ಶ್ರೀ ವಿಜಯಪುರದಿಂದ ಹಡಗಿನಲ್ಲಿ ಶಹೀದ್ ದ್ವೀಪಕ್ಕೂ ಅಲ್ಲಿಂದ ಸ್ವರಾಜ್ ದ್ವೀಪಕ್ಕೂ ಹೋಗಬೇಕು. ನೀಲ್, ಹ್ಯಾವ್‌ಲಾಕ್ ಎಂಬ ಹಳೆಯ ಹೆಸರುಗಳು 2018ರ ಡಿಸೆಂಬರಿನಲ್ಲಿ ಬದಲಾದವು. ಶಹೀದ್ ದ್ವೀಪ ಚಿಕ್ಕದು, ಹಸಿರಾದುದು. ಸುತ್ತಲಿನ ದ್ವೀಪಗಳಿಗೆ ತರಕಾರಿ ಬೆಳೆದು ಕೊಡುವ ನೆಲ. ಲಕ್ಷ್ಮಣಪುರದ ತೀರದಲ್ಲಿ ಅಲೆಗಳು ಕೊರೆದ ಕಲ್ಲಿನ ಕಮಾನನ್ನು ನೀರು ಇಳಿದ ವೇಳೆಯಲ್ಲಿ ಮಾತ್ರ ಸಮೀಪಿಸಬಹುದು. ಆ ವೇಳೆಯನ್ನು ಸ್ಥಳೀಯರಲ್ಲಿ ಕೇಳಿಕೊಂಡು ಹೊರಡಬೇಕು.

ಸ್ವರಾಜ್ ದ್ವೀಪದ ರಾಧಾನಗರ ತೀರ ಬಿಳಿಮರಳಿಗೂ ದಟ್ಟವಾದ ಮರಗಳಿಗೂ ಹೆಸರಾದುದು. ಎಲಿಫೆಂಟ್ ತೀರದ ಆಳವಿಲ್ಲದ ನೀರಿನಲ್ಲಿ ಕನ್ನಡಕ, ಕೊಳವೆ ಧರಿಸಿ ಮುಖ ಕೆಳಗೆ ಮಾಡಿ ತೇಲಿದರೆ ಹವಳದ ಲೋಕ ಕಾಣುತ್ತದೆ. ಈಜು ಬಾರದವರೂ ನುರಿತ ಬೋಧಕರ ಕೈಹಿಡಿದು ಸ್ಕೂಬಾ ಮುಳುಗು ಹಾಕಬಹುದು. ಸಾಮಾನ್ಯವಾಗಿ ಹತ್ತು ವರ್ಷ ತುಂಬಿದ ಮಕ್ಕಳಿಗೂ ಅವಕಾಶವುಂಟು. ಉಬ್ಬಸ, ಹೃದಯ ಅಥವಾ ಕಿವಿಯ ತೊಂದರೆ ಇದ್ದವರು ಅದನ್ನು ಮುಚ್ಚಿಡಬಾರದು. ಮುಳುಗು ಹಾಕಿದ ಮೇಲೆ ಒಂದು ದಿನವಾದರೂ ಕಳೆಯದೆ ವಿಮಾನ ಏರಕೂಡದು. ರಕ್ತದಲ್ಲಿ ಕರಗಿದ ಸಾರಜನಕವು ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟಿ ಜೀವಕ್ಕೆ ಅಪಾಯ ತರುವುದುಂಟು. ಸಾಹಸದ ಭಾಗವನ್ನು ಪ್ರವಾಸದ ನಡುವೆ ಇರಿಸಿಕೊಳ್ಳಬೇಕೆನ್ನಲು ಇದೂ ಒಂದು ಕಾರಣ. ಇಲ್ಲಿನ ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ಎಚ್ಚರಿಕೆಯ ಫಲಕವಿರುವೆಡೆ ನೀರಿಗೆ ಇಳಿಯಬಾರದು.

ಉತ್ತರಕ್ಕೆ ಹೋಗುವ ಎರಡು ದಾರಿ

ಇಲ್ಲಿಂದ ಮುಂದೆ ಹೆಚ್ಚಿನ ಪ್ರವಾಸಿಗಳು ನಗರಕ್ಕೆ ಹಿಂದಿರುಗಿ, ಬೆಳಗಿನ ಜಾವ ವಾಹನವೇರಿ ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ, ಕೆಸರು ಜ್ವಾಲಾಮುಖಿಗಳಿಗೆ ಹೊರಡುತ್ತಾರೆ. ಅಂಡಮಾನ್ ಟ್ರಂಕ್ ರಸ್ತೆಯೆಂಬ ಈ ಮಾರ್ಗವು ಜಿರ್ಕಾಟಾಂಗ್ ತನಿಖಾ ಠಾಣೆಯ ಆಚೆ ಜಾರವಾ ಮೀಸಲು ಅರಣ್ಯವನ್ನು ಸೀಳಿಕೊಂಡು ಸಾಗುತ್ತದೆ. ವಾಹನಗಳನ್ನು ಸಾಲಾಗಿ, ಕಾವಲಿನೊಡನೆ, ಗೊತ್ತಾದ ಹೊತ್ತಿಗೆ ಬಿಡುತ್ತಾರೆ. ಪ್ರವಾಸಿಗಳಲ್ಲಿ ಅನೇಕರಿಗೆ ಗುಹೆ ಒಂದು ನೆವ. ಜಾರವಾಗಳು ಕಂಡಾರೇ ಎಂಬುದೇ ಕುತೂಹಲ.

ಬೇಟೆ, ಮೀನು, ಜೇನು, ಗೆಡ್ಡೆಗೆಣಸುಗಳಿಂದ ಬದುಕುವ ಜಾರವಾಗಳು ಹೊರಗಿನವರೊಡನೆ ಹಗೆತನವಿಲ್ಲದೆ ಬೆರೆಯತೊಡಗಿದ್ದು 1997-98ರಿಂದ ಈಚೆಗೆ. 1999ರಲ್ಲಿಯೂ 2006ರಲ್ಲಿಯೂ ಅವರಲ್ಲಿ ದಡಾರ ಕಾಣಿಸಿಕೊಂಡಿತು. ಗ್ರೇಟ್ ಅಂಡಮಾನೀಯರ ಕಥೆ ಬಲ್ಲವರಿಗೆ ಇದರ ಭೀತಿ ಏನೆಂದು ಹೇಳಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ನಮ್ಮ ಒಂದು ಮದುವೆ ಮನೆಯ ಪಂಕ್ತಿಗಿಂತಲೂ ಕಡಿಮೆ. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ ಮೀಸಲು ಪ್ರದೇಶದೊಳಗಿನ ರಸ್ತೆಯನ್ನು ಮುಚ್ಚಬೇಕೆಂದು ಆದೇಶಿಸಿತ್ತು. ರಸ್ತೆ ಮುಚ್ಚಲಿಲ್ಲ. ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಪ್ರವಾಸಿಗಳೆದುರು ಕುಣಿಸಿದ ದೃಶ್ಯ 2012ರಲ್ಲಿ ಜಗತ್ತಿಗೆಲ್ಲ ತಿಳಿದು ದೇಶ ತಲೆ ತಗ್ಗಿಸಬೇಕಾಯಿತು. 2013ರ ಆರಂಭದಲ್ಲಿ ಕೆಲವು ವಾರಗಳ ಕಾಲ ನ್ಯಾಯಾಲಯವು ಪ್ರವಾಸಿಗಳನ್ನು ಆ ರಸ್ತೆಯಲ್ಲಿ ತಡೆದಿತ್ತು. 1956ರ ಆದಿವಾಸಿ ರಕ್ಷಣಾ ನಿಯಮಾವಳಿಗೆ 2012ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಲಾಗಿದೆ. ಅವರ ಛಾಯಾಚಿತ್ರ ತೆಗೆಯುವುದು, ವಾಹನ ನಿಲ್ಲಿಸುವುದು, ತಿಂಡಿ ಎಸೆಯುವುದು ಅಪರಾಧ.

ಉತ್ತರದ ಊರುಗಳ ನಿವಾಸಿಗಳಿಗೆ ಆಸ್ಪತ್ರೆ, ವಿದ್ಯಾಭ್ಯಾಸ, ವ್ಯಾಪಾರಗಳಿಗೆ ಆ ರಸ್ತೆ ಬೇಕಾಗುತ್ತದೆ. ಅವರ ಕಷ್ಟವನ್ನು ನಾವು ಅಲ್ಲಗಳೆಯಲಾರೆವು. ಸಂತೋಷಕ್ಕಾಗಿ ಹೋಗುವ ನಮಗೆ ಅಂಥ ಅನಿವಾರ್ಯತೆ ಏನಿದೆ? ಯಾರೋ ಅಪರಿಚಿತರು ನಮ್ಮ ಅಂಗಳದಲ್ಲಿ ದಿನವೂ ಸಾಲುಗಟ್ಟಿ ಹಾದು, ಊಟ ಮಾಡುವ ನಮ್ಮ ಮಕ್ಕಳನ್ನು ಕಿಟಕಿಯಿಂದ ನೋಡಿ ನಕ್ಕರೆ ನಾವು ಸಹಿಸುವೆವೇ? ಆದ್ದರಿಂದ ಉತ್ತರಕ್ಕೆ ಹೋಗುವವರು ಸಮುದ್ರ ಮಾರ್ಗವನ್ನೇ ಆರಿಸಿಕೊಳ್ಳಬೇಕೆಂಬುದು ನಮ್ಮ ವಿನಂತಿ. ಸ್ವರಾಜ್ ದ್ವೀಪದಿಂದ ರಂಗತ್‌ಗೆ ಸರ್ಕಾರಿ ಹಡಗುಗಳಿವೆ. ಡಿಗ್ಲಿಪುರದಿಂದ ರಾತ್ರಿ ಹೊರಟು ಬೆಳಿಗ್ಗೆ ರಾಜಧಾನಿ ಮುಟ್ಟುವ ಹಡಗು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಉಂಟು. ಮೊದಲು ಆ ದಿನವನ್ನು ವಿಚಾರಿಸಿ ನಿಗದಿಪಡಿಸಿಕೊಂಡು, ಉಳಿದ ದಿನಗಳನ್ನು ಅದರಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಯೋಜನೆ ತಾನಾಗಿ ಸಿದ್ಧವಾಗುತ್ತದೆ.

ಮಾಯಾಬಂದರ್ ಮತ್ತು ಡಿಗ್ಲಿಪುರ

ರಂಗತ್‌ನಿಂದ ಬಸ್ಸಿನಲ್ಲಿ ಮಾಯಾಬಂದರ್ ಸೇರಬಹುದು. ಇದರ ಸಮೀಪದ ವೆಬಿ ಗ್ರಾಮದಲ್ಲಿ ಕರೆನ್ ಜನರಿದ್ದಾರೆ. 1925ರಲ್ಲಿ ಬರ್ಮಾದಿಂದ ಅರಣ್ಯ ಕೆಲಸಕ್ಕಾಗಿ ಬಂದು ನೆಲೆಸಿದವರ ಸಂತತಿ ಇವರು. ಅದಕ್ಕೂ ಮೊದಲು ಛೋಟಾ ನಾಗಪುರದಿಂದ ಬಂದ ಕೂಲಿಕಾರರನ್ನು ಇಲ್ಲಿ ರಾಂಚಿಗಳೆನ್ನುತ್ತಾರೆ. 1921ರ ಮಲಬಾರ್ ದಂಗೆಯ ಕೈದಿಗಳ ವಂಶಸ್ಥರು, ದೇಶವಿಭಜನೆಯ ನಂತರ ಬಂದ ಬಂಗಾಳಿ ನಿರಾಶ್ರಿತರು, ತಮಿಳರು, ತೆಲುಗರು ಎಲ್ಲರೂ ಕೂಡಿ ಬಾಳುವ ನೆಲವಿದು. ಇವರೊಡನೆ ಮಾತಾಡಬಹುದು, ಅಪ್ಪಣೆ ಪಡೆದು ಮನೆಯಂಗಳದಲ್ಲಿ ಕೂಡಬಹುದು. ಸಂಸ್ಕೃತಿಯ ಪರಿಚಯವೆಂದರೆ ಎರಡೂ ಕಡೆಯವರ ಸಮ್ಮತಿಯಿಂದ ಆಗುವಂಥದು. ಆ ಅವಕಾಶ ಇಲ್ಲಿದೆ.

ಚೆಂಗಪ್ಪ ಸೇತುವೆಯನ್ನು ದಾಟಿದರೆ ಉತ್ತರ ಅಂಡಮಾನ್. ಡಿಗ್ಲಿಪುರದಲ್ಲಿ ಕನಿಷ್ಠ ಎರಡು ದಿನ ನಿಲ್ಲಬೇಕು. 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಅಂಡಮಾನಿನ ಅತ್ಯುನ್ನತ ಶಿಖರ. ಕಡಲಂಚಿನಿಂದ ಹೊರಟು ಮಳೆಕಾಡಿನೊಳಗೆ ಏರುವ ಈ ಚಾರಣಕ್ಕೆ ಒಂದು ಇಡೀ ದಿನ, ಅರಣ್ಯ ಇಲಾಖೆಯ ಅನುಮತಿ ಮತ್ತು ಗಟ್ಟಿ ಕಾಲುಗಳು ಬೇಕು. ಅಜ್ಜ ಅಜ್ಜಿಯರಿಗೆ ರಾಸ್ ಮತ್ತು ಸ್ಮಿತ್ ಎಂಬ ಅವಳಿ ದ್ವೀಪಗಳು ಒಪ್ಪುತ್ತವೆ. ನೀರು ಇಳಿದಾಗ ಇವೆರಡನ್ನು ಮರಳಿನ ಹಾದಿಯೊಂದು ಕೂಡಿಸುತ್ತದೆ. ಕಾಲಿಪುರದ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಸಿಬ್ಬಂದಿಯೊಡನೆ, ದೀಪವಿಲ್ಲದೆ, ಸದ್ದಿಲ್ಲದೆ ನಿಂತು ನೋಡಬೇಕು. ಬಾರಾಟಾಂಗನ್ನು ಬಿಟ್ಟುಬಂದೆವಲ್ಲಾ ಎಂಬ ಕೊರಗು ಬೇಡ. ಶ್ಯಾಮನಗರದಲ್ಲಿ ಕೆಸರು ಜ್ವಾಲಾಮುಖಿಗಳೂ ರಾಮನಗರದ ಬಳಿ ಆಲ್ಫ್ರೆಡ್ ಗುಹೆಗಳೂ ಇಲ್ಲಿಯೇ ಇವೆ.

ಕೆಲವು ಕಿವಿಮಾತು

ದ್ವೀಪಗಳು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಬೆಳಕು ಬೇಗ ಹರಿಯುತ್ತದೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗುತ್ತದೆ. ಪೂಜೆ, ಉಪಾಹಾರಗಳನ್ನು ಬೇಗ ಮುಗಿಸಿ ಹೊರಟರೆ ದಿನ ಕೈಗೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ರಾಜಧಾನಿಯಲ್ಲಿ ದಕ್ಷಿಣ ಭಾರತದ ಊಟೋಪಾಹಾರ ಸಲೀಸಾಗಿ ದೊರೆಯುತ್ತದೆ. ಉತ್ತರದಲ್ಲಿ ಅನ್ನ-ಮೀನಿನ ಊಟವೇ ರೂಢಿಯಾದ್ದರಿಂದ ತಂಗುವ ಸ್ಥಳಕ್ಕೆ ಮುಂಚಿತವಾಗಿ ತಿಳಿಸಬೇಕು. ರೊಟ್ಟಿ, ಚಟ್ನಿಪುಡಿ ಜೊತೆಗಿದ್ದರೆ ಚಿಂತೆಯಿಲ್ಲ. ಕೈಯಲ್ಲಿ ನಗದು, ಹಡಗಿನ ವಾಂತಿಗೆ ಮಾತ್ರೆ ಇರಲಿ. ಮರಳಲ್ಲಿ ಬಿದ್ದ ಹವಳದ ತುಂಡನ್ನು ನೆನಪಿಗೆಂದು ಮಕ್ಕಳು ಆರಿಸಿಕೊಂಡಾರು. ಹವಳವು ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ. ಸತ್ತ ತುಂಡನ್ನೂ ತರುವಂತಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ಈ ದ್ವೀಪಗಳಲ್ಲಿ, ಅದರಲ್ಲೂ ನಿಕೋಬಾರಿನಲ್ಲಿ, ಸಾವಿರಾರು ಜೀವಗಳನ್ನು ಸೆಳೆದೊಯ್ದಿತು. ಲಿಟ್ಲ್ ಅಂಡಮಾನಿನ ಓಂಗೆ ಜನರು ಕಡಲು ಹಿಂದೆ ಸರಿದದ್ದನ್ನು ಕಂಡು ಎತ್ತರದ ನೆಲಕ್ಕೆ ಸರಿದು ಉಳಿದುಕೊಂಡರು. ನಾವು ಹಿಂದುಳಿದವರೆಂದು ಭಾವಿಸುವವರಲ್ಲಿ ನಮಗಿಲ್ಲದ ತಿಳಿವಳಿಕೆ ಇದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಹೊರಡುವ ಮುನ್ನ ಒಂದು ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಭೂಪಟ ಹರಡಿ ಈ ಸಂಗತಿಗಳನ್ನು ತಿಳಿಸಬೇಕು. ಯಾವ ದ್ವೀಪಕ್ಕೆ ಹೋಗುತ್ತೇವೆಂಬುದರ ಜೊತೆಗೆ ಯಾವ ಕಾಡಿಗೆ ಹೋಗುವುದಿಲ್ಲ, ಏಕೆ ಹೋಗುವುದಿಲ್ಲ ಎಂಬುದನ್ನೂ ಮಕ್ಕಳು ಮನೆಯಲ್ಲಿಯೇ ಕಲಿತು ಹೊರಡಲಿ.