ಐಟಿ ರಿಟರ್ನ್ ಹಾಕಿ ತಿಂಗಳುಗಳಾದರೂ ರೀಫಂಡ್ ಬಂದಿಲ್ಲವೇ? ದುಡ್ಡು ಎಲ್ಲಿ ನಿಂತಿದೆ ಅಂತ ಹೀಗೆ ನೋಡಿ

ಎಫ್‌ಡಿ ಬಡ್ಡಿಗೆ ಬ್ಯಾಂಕಿನವರು, ಕಮಿಷನ್‌ಗೆ ಕಂಪನಿಯವರು ಟಿಡಿಎಸ್ ಹಿಡಿದಿರುತ್ತಾರೆ. ವರ್ಷದ ಲೆಕ್ಕ ಹಾಕಿದಾಗ ಕಟ್ಟಬೇಕಾದ ತೆರಿಗೆ ಎಷ್ಟೋ ಸಲ ಅಷ್ಟಿರುವುದಿಲ್ಲ. ಹೆಚ್ಚಿಗೆ ಹೋದ ಆ ಹಣ ವಾಪಸ್ ಪಡೆಯಲೆಂದೇ ಅನೇಕ ಅಂಗಡಿಯವರು, ನಿವೃತ್ತರು ರಿಟರ್ನ್ ಹಾಕುತ್ತಾರೆ. ಹಾಕಿದ ಮೇಲೆ "ಗೌರ್ಮೆಂಟ್ ದುಡ್ಡು, ಬಂದಾಗ ಬರ್ತದೆ ಬಿಡಿ" ಅಂತ ಸುಮ್ಮನಾಗುವವರೂ ಇದ್ದಾರೆ. ತಡವಾಗಿರುವುದು ಇಲಾಖೆಯಿಂದಲೋ, ತಮ್ಮ ಕಡೆಯ ಒಂದು ಸಣ್ಣ ಕೆಲಸ ಬಾಕಿ ಇರುವುದರಿಂದಲೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಇದಕ್ಕೆ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ಗೆ ಪ್ಯಾನ್ ನಂಬರ್ ಹಾಕಿ ಲಾಗಿನ್ ಆಗಬೇಕು. ಇ-ಫೈಲ್, ಅದರೊಳಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫೈಲ್ಡ್ ರಿಟರ್ನ್ಸ್. ಯಾವ ವರ್ಷದ ರಿಟರ್ನ್ ಯಾವ ಹಂತದಲ್ಲಿದೆ ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ.

"ಪೆಂಡಿಂಗ್ ಫಾರ್ ಇ-ವೆರಿಫಿಕೇಶನ್" ಅಂತಿದ್ದರೆ ಕೆಲಸ ಶುರುವೇ ಆಗಿಲ್ಲ ಎಂದರ್ಥ. ರಿಟರ್ನ್ ಹಾಕಿದ 30 ದಿನದೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಅದನ್ನು ಖಚಿತಪಡಿಸಬೇಕು. 30 ದಿನ ದಾಟಿದರೆ ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ. ಅಷ್ಟರಲ್ಲಿ ಕೊನೆ ದಿನಾಂಕ ಮುಗಿದಿದ್ದರೆ ತಡ ಶುಲ್ಕವೂ ಬೀಳುತ್ತದೆ. ವೆರಿಫೈ ಮಾಡದೇ ಬಿಟ್ಟರೆ ರಿಟರ್ನೇ ಅಸಿಂಧು.

ವೆರಿಫೈ ಆದ ರಿಟರ್ನ್ ಬೆಂಗಳೂರಿನ ಸಿಪಿಸಿ ಅಂದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಪರಿಶೀಲನೆಯಾಗುತ್ತದೆ. ಸಾಮಾನ್ಯವಾಗಿ ವೆರಿಫೈ ಆದ ನಾಲ್ಕೈದು ವಾರದಲ್ಲಿ ಹಣ ಖಾತೆಗೆ ಬೀಳುತ್ತದೆ. ಆದರೆ ಕಾನೂನು ಇಲಾಖೆಗೆ ಕೊಟ್ಟಿರುವ ಸಮಯ ದೊಡ್ಡದು: ರಿಟರ್ನ್ ಹಾಕಿದ ಆರ್ಥಿಕ ವರ್ಷ ಮುಗಿದ ಮೇಲೆ ಇನ್ನೂ 9 ತಿಂಗಳು. 2025ರ ಆಗಸ್ಟ್‌ನಲ್ಲಿ ಹಾಕಿದ್ದಕ್ಕೆ 2026ರ ಡಿಸೆಂಬರ್ 31ರವರೆಗೂ ಅವಕಾಶವಿದೆ. "ಅಂಡರ್ ಪ್ರೊಸೆಸಿಂಗ್" ಅಂತ ತೋರಿಸುತ್ತಿದ್ದರೆ ಗಾಬರಿ ಬೇಡ.

ನೋಡಲೇಬೇಕಾದದ್ದು "ರೀಫಂಡ್ ಫೇಲ್ಡ್" ಎಂಬ ಸಾಲು. ಇಲಾಖೆ ಹಣ ಕಳಿಸಿದೆ, ಬ್ಯಾಂಕ್ ಖಾತೆಗೆ ಸೇರದೆ ವಾಪಸ್ ಹೋಗಿದೆ ಅಂತ ಅದರ ಅರ್ಥ. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣವೂ ಉಂಟು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಬೋರ್ಡ್ ಬದಲಾಗಿದ್ದು ಎಲ್ಲರಿಗೂ ಕಂಡಿತು, ಪೋರ್ಟಲ್‌ನಲ್ಲಿ ಹಳೇ ಐಎಫ್‌ಎಸ್‌ಸಿ ಕೋಡ್ ಹಾಗೇ ಕೂತಿರುವುದು ಕಾಣಲಿಲ್ಲ. ಇನ್ನೊಂದು ತೊಂದರೆ ಹೆಸರಿನದು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಉದ್ದಕ್ಕೆ ಬರೆದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಒಂದೇ ಅಕ್ಷರ. ಎರಡೂ ಹೊಂದದಿದ್ದರೆ ಖಾತೆ ವ್ಯಾಲಿಡೇಟ್ ಆಗದೆ ನಿಲ್ಲಬಹುದು. ಪ್ರೊಫೈಲ್‌ನ ಮೈ ಬ್ಯಾಂಕ್ ಅಕೌಂಟ್‌ನಲ್ಲಿ ಖಾತೆ ಸರಿಪಡಿಸಿ, ಸರ್ವೀಸಸ್‌ನಲ್ಲಿರುವ ರೀಫಂಡ್ ರೀಇಶ್ಯೂ ಮೂಲಕ ಮತ್ತೆ ಕೇಳಬೇಕು. ಕೇಳದಿದ್ದರೆ ಹಣ ತಾನಾಗಿ ಬರುವುದಿಲ್ಲ. ಪ್ಯಾನ್-ಆಧಾರ್ ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೂ ರೀಫಂಡ್ ಇಲ್ಲ.

ಕೆಲವರಿಗೆ ಬರಬೇಕಾದ್ದಕ್ಕಿಂತ ಕಡಿಮೆ ಬಂದಿರುತ್ತದೆ. ಹಿಂದಿನ ಯಾವುದೋ ವರ್ಷದ ಬಾಕಿ ಇದೆ ಎಂದು ಇಲಾಖೆ ಅದರಲ್ಲೇ ಮುರಿದುಕೊಂಡಿರಬಹುದು. ಹಾಗೆ ಮುರಿಯುವ ಮುಂಚೆ ನೋಟಿಸ್ ಕಳಿಸುತ್ತದೆ, ಒಪ್ಪಿಗೆ ಇಲ್ಲದಿದ್ದರೆ ಪೋರ್ಟಲ್‌ನಲ್ಲೇ ಉತ್ತರ ಕೊಡಬಹುದು. ತೊಡಕು ಇರುವುದು ಆ ನೋಟಿಸ್ ಯಾರ ಕೈಗೆ ಹೋಗುತ್ತದೆ ಎಂಬಲ್ಲಿ. ಸೈಬರ್ ಸೆಂಟರ್‌ನಲ್ಲೋ, ಲೆಕ್ಕ ಬರೆಯುವವರ ಹತ್ತಿರವೋ ರಿಟರ್ನ್ ಹಾಕಿಸಿದಾಗ ಅವರದೇ ಮೊಬೈಲ್, ಇಮೇಲ್ ನಮೂದಾಗಿರುವುದುಂಟು. ಆಗ ನೋಟಿಸ್ ಅವರಿಗೆ ಬರುತ್ತದೆ, ಅಂಗಡಿಯವರಿಗೆ ಸುಳಿವೇ ಸಿಗದೆ ಗಡುವು ಮುಗಿಯುತ್ತದೆ. ಯಾರ ಹತ್ತಿರ ಹಾಕಿಸಿದರೂ ಪಾಸ್‌ವರ್ಡ್ ಕೇಳಿ ಪಡೆದು, ಸಂಪರ್ಕ ವಿವರದಲ್ಲಿ ಸ್ವಂತ ನಂಬರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಕೇಳಿದರೆ ಅವರೇನೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ, ಮಾಡಿಕೊಂಡರೂ ಕೇಳಬೇಕು.

ಸಕಾಲಕ್ಕೆ ರಿಟರ್ನ್ ಹಾಕಿದವರ ಟಿಡಿಎಸ್ ರೀಫಂಡಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸಿಗುತ್ತದೆ. 18,000 ರೂಪಾಯಿ ಬರಬೇಕಿದ್ದು ಸೆಪ್ಟೆಂಬರ್‌ನಲ್ಲಿ ಬಂದರೆ ಬಡ್ಡಿ 540 ರೂ. ರೀಫಂಡ್ ಮೊತ್ತ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿ ಇಲ್ಲ. ಸಿಕ್ಕ ಬಡ್ಡಿಯನ್ನು ಆದಾಯವೆಂದು ತೋರಿಸಬೇಕು.

"ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಬಾರದು. ರೀಫಂಡ್ ಕೊಡಲು ಇಲಾಖೆ ಎಟಿಎಂ ಪಿನ್ ಆಗಲಿ, ಕಾರ್ಡ್ ನಂಬರ್ ಆಗಲಿ ಕೇಳುವುದಿಲ್ಲ. ಅನುಮಾನವಿದ್ದರೆ ಪೋರ್ಟಲ್‌ನಲ್ಲೇ ನೋಡಬಹುದು, ಇಲ್ಲವೇ ಇಲಾಖೆಯ ಉಚಿತ ಸಹಾಯವಾಣಿ 1800 103 0025ಕ್ಕೆ ಕರೆ ಮಾಡಬಹುದು. ಫೋನ್ ಮಾಡುವಾಗ ಪ್ಯಾನ್ ಮತ್ತು ರಿಟರ್ನ್ ಹಾಕಿದಾಗ ಸಿಕ್ಕ ಅಕ್ನಾಲೆಜ್‌ಮೆಂಟ್ ನಂಬರ್ ಕೈಯಲ್ಲಿರಲಿ.